ಟಿವಿಗೆ ಕೊಟ್ಟ ವೀಳ್ಯ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಅಳಗಪ್ಪನ ಮೇಲೆ ಸಿಟ್ಟಿಲ್ಲ. ಅವನು ತಮಿಳುನಾಡಿನ ಆತ್ತೂರಿನವನು, ಭತ್ತ ಕೊಯ್ಯುವ ಮಷೀನಿನ ಡ್ರೈವರ್, ತನ್ನ ಪಾಡಿಗೆ ತಾನು ದುಡಿಯುವ ಮನುಷ್ಯ. ನನ್ನ ಸಿಟ್ಟೆಲ್ಲ ನಮ್ಮ ಸಾವ್ಕಾರ್ ಬೆನಕಪ್ಪನವರ ಮೇಲೆ. ಅಳಗಪ್ಪನನ್ನು ಆ ಸೀಟಿನಲ್ಲಿ ಕೂರಿಸಿ ನನ್ನನ್ನು ಪಕ್ಕದ ತಗಡಿನ ಮೇಲೆ ನಿಲ್ಲಿಸಿದವರು ಅವರು. ಅವರ ಮಗಳ ಮೇಲೂ ಇದೆ ಸಿಟ್ಟು. ಅದು ಬೇರೆ ತರಹದ್ದು, ನುಂಗಲೂ ಬಾರದ, ಉಗುಳಲೂ ಬಾರದ ಸಿಟ್ಟು.

ನನ್ನ ಹೆಸರು ಗಾದಿಲಿಂಗ. ಊರು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ. ನಮ್ಮ ಕಡೆ ಭತ್ತದ ಗದ್ದೆ ನೋಡಬೇಕೆಂದರೆ ಬಸ್ಸು ಹತ್ತಬೇಕು. ಹಾಗೆ ಹತ್ತಿ ಹಂಪಸಾಗರಕ್ಕೆ ಬಂದವನು ನಾನು. ಬೆನಕಪ್ಪನವರಿಗೆ ಅಲ್ಲಿ ಹೊಳೆ ದಂಡೆಯ ಗದ್ದೆ, ಕೊಟ್ಟೂರಿನಲ್ಲಿ ಶೇಂಗಾ ಎಣ್ಣೆ ಮಿಲ್ಲು, ಮತ್ತು ಸುತ್ತಲಿನ ಹಳ್ಳಿಗಳಿಗೆಲ್ಲ ಬಾಡಿಗೆ ಹೋಗುವ ಈ ಮಷೀನು. ನಾನು ಅದರ ಹೆಲ್ಪರ್. ಹೆಲ್ಪರ್ ಅಂದರೆ ಗ್ರೀಸು ಹೊಡೆಯುವವನು, ಬೆಲ್ಟಿಗೆ ಸುತ್ತಿಕೊಂಡ ಹುಲ್ಲನ್ನು ಕೈ ಹಾಕಿ ಕೀಳುವವನು, ಗದ್ದೆಯಲ್ಲಿ ಕಲ್ಲಿದೆಯೇ ಅಂತ ಮುಂದೆ ಓಡಿ ನೋಡುವವನು, ಬೈಗುಳ ತಿನ್ನುವವನು. ನಾಲ್ಕು ಸುಗ್ಗಿ ಈ ಕೆಲಸ ಮಾಡಿದೆ. ಕೊಟ್ಟೂರಿನ ಆರ್‌ಟಿಒ ಬ್ರೋಕರ್ ಕಾಲು ಹಿಡಿದು ಲೈಸೆನ್ಸನ್ನೂ ಮಾಡಿಸಿಕೊಂಡೆ. ಪ್ರತಿ ಸುಗ್ಗಿ ಮುಗಿದಾಗಲೂ ಹೋಗಿ ಕೈಮುಗಿದು ನಿಲ್ಲುತ್ತಿದ್ದೆ.

"ಸಾವ್ಕಾರ್ರ, ಮಷೀನ್ ನಾನು ಓಡಸ್ತೀನ್ರಿ."

"ಮುಂದಿನ ಸುಗ್ಗಿಗೆ ನೋಡೋಣ ತಗಾ," ಅನ್ನುತ್ತಿದ್ದರು.

ಸಂಬಳದ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ನನಗೆ ಬೇಕಿದ್ದದ್ದು ಆ ಸೀಟು. ಅದರಲ್ಲಿ ಕೂತವನನ್ನು ಊರವರು 'ಡ್ರೈವರ್ರೇ' ಅನ್ನುತ್ತಾರೆ, ಚಹಾ ಮೊದಲು ಅವನಿಗೆ ಕೊಡುತ್ತಾರೆ. ತಗಡಿನ ಮೇಲೆ ನಿಂತವನನ್ನು 'ಲೇ' ಅನ್ನುತ್ತಾರೆ. ಇಪ್ಪತ್ತೊಂಬತ್ತು ವರ್ಷದ ಗಂಡಸು ಎಷ್ಟು ದಿನ 'ಲೇ' ಆಗಿರಬೇಕು?

ಹೋದ ವರ್ಷ ಮಳೆಗಾಲದ ಕೊನೆಗೆ ಬೆನಕಪ್ಪನವರ ಮಗಳು ಅಮೃತಾ ಮನೆಗೆ ಬಂದರು. ಅವರು ವಿಮಾನದ ಪೈಲಟ್. ನಮ್ಮ ಐದು ತಾಲ್ಲೂಕಿನಲ್ಲಿ ಹುಡುಕಿದರೂ ಇನ್ನೊಬ್ಬ ಹೆಣ್ಣು ಪೈಲಟ್ ಸಿಗಲಿಕ್ಕಿಲ್ಲ. ಬಂದವರು ರಜೆಗೆ ಬಂದಿರಲಿಲ್ಲ. ಕಂಪನಿಯವರು ಸಂಬಳ ಇಲ್ಲದ ರಜೆ ಕೊಟ್ಟು ಕಳಿಸಿದ್ದರು. ಮೊದಮೊದಲು ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹಂಪಸಾಗರದ ಒಬ್ಬೊಬ್ಬರೂ ಅವರ ಮನೆಗೆ ಹೋಗಿ, "ವಿಮಾನ ಯಾಕ ಬಿಟ್ಟೆವ್ವಾ?" ಅಂತ ಕೇಳಿ, ಅವರ ತಾಯಿ ಅನ್ನದಾನಮ್ಮನವರು ಮಾಡಿಕೊಟ್ಟ ಚಹಾ ಕುಡಿದು ಬರುತ್ತಿದ್ದರು. ಬೆಂದ ಮನೆಯಲ್ಲಿ ಗಳ ಹಿರಿಯುವುದಕ್ಕೆ ಜನ ಯಾವತ್ತೂ ತಯಾರು.

ನಡೆದದ್ದು ಇಷ್ಟು. ವಿಮಾನದಲ್ಲಿ ಮುಂದೆ ಎರಡು ಸೀಟು. ಎಡಗಡೆ ಕೂರುವವನು ಕ್ಯಾಪ್ಟನ್, ಬಲಗಡೆ ಕೂರುವವರು ಅವನ ಜೊತೆಗಾರ ಪೈಲಟ್. ಅಮೃತಕ್ಕಾರು ಐದು ವರ್ಷ ಬಲಗಡೆ ಕೂತರು. ಎಡಗಡೆ ಕೂರಲು ಬೇಕಾದ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದರು. ಇನ್ನೇನು ಕ್ಯಾಪ್ಟನ್ ಟ್ರೈನಿಂಗ್‌ಗೆ ಕರೆಯುತ್ತಾರೆ ಅನ್ನುವಾಗ ಕಂಪನಿಯವರು ಪರದೇಶದಿಂದ ವಿಮಾನಗಳನ್ನು ಬಾಡಿಗೆಗೆ ತಂದರು. ಜೊತೆಗೆ ಅಲ್ಲಿಯ ಕ್ಯಾಪ್ಟನ್‌ಗಳನ್ನೂ ತಂದರು. ಇವರಿಗೆ, "ನಿಮಗೆ ಎಡಗಡೆ ಸೀಟಿನ ಅನುಭವ ಇಲ್ಲ, ಸ್ವಲ್ಪ ಕಾಯಿರಿ," ಅಂದು, ಕೆಲವು ದಿನ ಆ ಕ್ಯಾಪ್ಟನ್‌ಗಳ ಪಕ್ಕದಲ್ಲಿ ಕೂರಿಸಿ, ಕೊನೆಗೆ ಈ ರಜೆ ಕೊಟ್ಟರಂತೆ.

ಬೆನಕಪ್ಪನವರು ಕೆಂಡವಾದರು. ಅವರ ಸಿಟ್ಟು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು. ಹಟ್ಟಿಯಲ್ಲಿ ನಿಂತು ಕೂಗುತ್ತಿದ್ದರು.

"ಈ ದೇಶದಾಗ ಹುಡುಗ್ರು ಇಲ್ಲೇನು? ಓದಿಲ್ಲೇನು? ನಮ್ಮ ಮಗಳೇನು ಕಡಿಮಿ ಅದಾಳೇನು? ಎಲ್ಲಿಂದಲೋ ಬಂದಾಂವ ಬಂದು ಕುಂದ್ರತಾನ, ಇಲ್ಲಿ ಹುಟ್ಟಿದಾಕಿ ನೋಡ್ಕೊಂತ ನಿಂದ್ರಬೇಕಾ? ಹಿತ್ತಲ ಗಿಡ ಮದ್ದಲ್ಲ ಅಂದ್ರಂತ, ಸೂಳೇಮಕ್ಕಳು!"

ಗ್ರೀಸು ಗನ್ನು ಕೈಯಲ್ಲಿ ಹಿಡಿದು ನಾನು ಕೇಳುತ್ತಾ ನಿಂತಿದ್ದೆ. ಅಳಗಪ್ಪ ಆಗ ಮಷೀನಿನ ಮೇಲೆ ಕೂತು ಫೋನಿನಲ್ಲಿ ತಮಿಳು ಹಾಡು ಹಚ್ಚಿಕೊಂಡಿದ್ದ. ಸಾವ್ಕಾರರು ಅವನ ಕಡೆಯೂ ನೋಡಿದರು, ನನ್ನ ಕಡೆಯೂ ನೋಡಿದರು. ಅವರ ತಲೆಗೆ ಏನೂ ಹೊಳೆಯಲಿಲ್ಲ. ಹೊಳೆಯದಿರುವುದಕ್ಕೂ ಒಂದು ಯೋಗ್ಯತೆ ಬೇಕು.

ಮುಂದಿನ ವಾರ ಕೊಟ್ಟೂರಿನ ಕಲ್ಯಾಣ ಮಂಟಪದಲ್ಲಿ ಸಭೆ ಇಟ್ಟರು. 'ನಮ್ಮ ಆಕಾಶ, ನಮ್ಮ ಪೈಲಟ್' ಅಂತ ಬ್ಯಾನರು. ಕೂಡ್ಲಿಗಿಯ ವಕೀಲರು, ಹಡಗಲಿಯ ವರ್ತಕರು, ಹರಪನಹಳ್ಳಿಯಿಂದ ಒಂದು ಲೋಕಲ್ ಚಾನೆಲ್ಲಿನವರು. ಅಷ್ಟು ಜನರಿಂದ ಮಂಟಪ ತುಂಬುವುದಿಲ್ಲವೆಂದು ಮಿಲ್ಲಿನ ಹಮಾಲರು, ಗದ್ದೆಯ ಆಳುಗಳು, ನಾವೆಲ್ಲ ಟ್ರ್ಯಾಕ್ಟರಿನಲ್ಲಿ ಹೋದೆವು. ಮಂಡಕ್ಕಿ, ಮಿರ್ಚಿ ಕೊಟ್ಟರು. ಮಿರ್ಚಿ ತಿನ್ನುತ್ತಾ ಭಾಷಣ ಕೇಳುವುದು ಕೊಟ್ಟೂರಿನಲ್ಲಿ ಪಾಪವಲ್ಲ.

ದೊಡ್ಡವರು ಮಾತಾಡಿದರು. ಏನು ಮಾತಾಡಿದರೋ, ನನಗೆ ನೆನಪಿಲ್ಲ. ಆಮೇಲೆ ಅಮೃತಕ್ಕಾರು ಎದ್ದರು. ಚೀಟಿ ಇರಲಿಲ್ಲ. ಮೈಕು ಸರಿ ಮಾಡಿಕೊಂಡು, ನಮ್ಮ ಭಾಷೆಯಲ್ಲೇ ಶುರು ಮಾಡಿದರು.

"ನಾನು ಐದು ವರ್ಷ ಬಲಗಡಿ ಸೀಟಿನಾಗ ಕುಂತೀನಿ. ವಿಮಾನ ಏರಸೋದು, ಇಳಸೋದು, ಮಳಿಯಾಗ, ಗಾಳಿಯಾಗ, ಎಲ್ಲಾ ಮಾಡೀನಿ. ಎಡಗಡಿ ಸೀಟು ಕೊಡ್ರಿ ಅಂದ್ರ ಎಡಗಡಿ ಅನುಭವ ಇಲ್ಲ ಅಂತಾರ. ಕುಂದ್ರಸದೇ ಇದ್ರ ಅನುಭವ ಎಲ್ಲಿಂದ ಬರಬೇಕು? ಈಜು ಬರೂತನ ನೀರಿಗಿ ಇಳೀಬ್ಯಾಡ ಅಂದ್ರ ಈಜು ಕಲಿಯೋದು ಎಲ್ಲಿ, ಹಾಸಿಗಿ ಮ್ಯಾಲ?"

ನನ್ನ ಕೈಯಲ್ಲಿದ್ದ ಮಿರ್ಚಿ ಅಲ್ಲೇ ಉಳಿಯಿತು. ಇದು ನನ್ನ ಮಾತು! ನಾಲ್ಕು ಸುಗ್ಗಿಯಿಂದ ನನ್ನ ಎದೆಯಲ್ಲಿ ಕುದಿಯುತ್ತಿದ್ದದ್ದನ್ನು, ನನಗೆ ಹೇಳಲು ಬಾರದ್ದನ್ನು, ಈಕೆ ಮೈಕಿನಲ್ಲಿ ಹೇಳುತ್ತಿದ್ದಾರೆ! ಎದ್ದು ನಿಂತು ಚಪ್ಪಾಳೆ ಹೊಡೆದೆ. ಮಂಟಪದಲ್ಲಿ ಮೊದಲು ಎದ್ದವನು ನಾನೇ. ಬೆನಕಪ್ಪನವರು ವೇದಿಕೆಯ ಮೇಲಿಂದ ನನ್ನನ್ನು ನೋಡಿ, ಭಲೇ ಅನ್ನುವ ಹಾಗೆ ತಲೆಯಾಡಿಸಿದರು.

ಇನ್ನು ಕೇಳದೆ ಇರುವುದು ಹೇಗೆ? ಎರಡು ದಿನ ಬಿಟ್ಟು ಅಮೃತಕ್ಕಾರು ಗದ್ದೆಯ ಬದುವಿನ ಮೇಲೆ ಒಬ್ಬರೇ ನಡೆಯುತ್ತಿದ್ದಾಗ ಹೋಗಿ ನಿಂತೆ. ಭತ್ತ ಬಾಗಿತ್ತು. ಇನ್ನೊಂದು ವಾರಕ್ಕೆ ಕೊಯ್ಲು.

"ಅಕ್ಕಾರ, ಆ ಪರದೇಶದ ಕ್ಯಾಪ್ಟನ್ನು ಹೆಂಗದಾನ್ರಿ? ಕೆಟ್ಟಾಂವೇನು?" ಅಂತ ಮೊದಲು ಕೇಳಿದೆ.

ಅವರು ನಕ್ಕರು. "ಒಳ್ಳೆ ಮನುಷ್ಯ, ಗಾದಿಲಿಂಗ. ತನ್ನ ಮಗಳ ಫೋಟೋ ತೋರಸ್ತಾನ. ಕೆಲಸಾನೂ ಚೊಲೋ ಮಾಡ್ತಾನ. ಅದಕ್ಕೇ ನನಗ ಇನ್ನೂ ಸಿಟ್ಟು. ಕೆಟ್ಟಾಂವ ಆಗಿದ್ರ ಬೈಕೊಂಡ್ರ ಆಗ್ತಿತ್ತು."

"ನಮ್ಮ ಅಳಗಪ್ಪನೂ ಹಂಗೇ ರಿ," ಅಂದೆ. ಅವರಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಎಲ್ಲ ಹೇಳಿದೆ. ತಗಡಿನ ಮೇಲೆ ನಿಂತದ್ದು, ಲೈಸೆನ್ಸು ಮಾಡಿಸಿದ್ದು, ಕೈಮುಗಿದದ್ದು. ಅವರು ನಡೆಯುವುದನ್ನು ನಿಲ್ಲಿಸಿ ಕೇಳಿದರು. ಕೊನೆಗೆ, "ಇವತ್ತೇ ಅಪ್ಪನ ಹತ್ರ ಮಾತಾಡ್ತೀನಿ. ಇದು ಆಗಲೇಬೇಕು," ಅಂದರು. ಕಣ್ಣಲ್ಲಿ ನಿಜವಿತ್ತು. ಅದರಲ್ಲಿ ನನಗೆ ಇವತ್ತಿಗೂ ಸಂಶಯವಿಲ್ಲ.

ಅವರು ಮಾತಾಡಿದರು. ನಾನು ಹಟ್ಟಿಯಲ್ಲಿ ಬೆಲ್ಟು ಬಿಗಿಯುತ್ತಿದ್ದೆ. ಬೆನಕಪ್ಪನವರು ನನಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದರು.

"ಅವನು ಕೆಟ್ಟಾಂವ ಅಲ್ಲವ್ವಾ. ಆದ್ರ ಊರಾಗಿನ ಆಳಿಗೆ ನೆಂಟರು ಭಾಳ. ಇವನ ಸೋದರಮಾವ ಇಲ್ಲೇ ಇಟ್ಟಿಗಿ ಊರಾಗದಾನ. 'ನಮ್ಮ ಗದ್ದಿ ಮೊದಲು ಕೊಯ್ಯಲೇ' ಅಂದ್ರ ಮಷೀನ್ ಅತ್ತ ತಿರುಗಸ್ತಾನ. ನಾಳೆ ಯಾರೋ ಸತ್ರು ಅಂತ ಮಣ್ಣಿಗೆ ಹೋಗ್ತಾನ. ನಾಡದ್ದು ತೊಟ್ಲ ಕಾರ್ಯ ಅಂತಾನ. ಇಪ್ಪತ್ತು ದಿನದ ಸುಗ್ಗಿ. ಅಳಗಪ್ಪಗ ಆ ತಲಿನೋವಿಲ್ಲ. ಅವನಿಗೆ ಇಲ್ಲಿ ಯಾರೂ ಸಾಯಂಗಿಲ್ಲ."

ಅಮೃತಕ್ಕಾರು ನಿಧಾನಕ್ಕೆ, "ನಮ್ಮ ಕಂಪನಿಯೋರೂ ಹಿಂಗೇ ಅಂದ್ರಪ್ಪಾ. ಪರದೇಶದೋರು ಹಬ್ಬಕ್ಕ ರಜಾ ಕೇಳಂಗಿಲ್ಲ ಅಂತ," ಅಂದರು.

"ಅದು ಬೇರೆ, ಇದು ಬೇರೆ!" ಅಂತ ಬೆನಕಪ್ಪನವರು ಗುಡುಗಿದರು. ಮಾತು ಅಲ್ಲಿಗೆ ಮುಗಿಯಿತು. ಬೆಲ್ಟಿನ ನಟ್ಟನ್ನು ನಾನು ಎಷ್ಟು ಬಿಗಿದೆನೆಂದರೆ ಮರುದಿನ ಅಳಗಪ್ಪ ಅದನ್ನು ಸಡಿಲ ಮಾಡಲು ತ್ರಾಸುಪಟ್ಟ.

ಕೊಯ್ಲಿನ ಮೊದಲ ದಿನ ನೆರೆಯ ಗುರುಸಂಗಪ್ಪಜ್ಜನ ಗದ್ದೆ. ಮಷೀನಿಗೆ ನೀರು ಹಾಕಿ, ವಿಭೂತಿ ಬಳಿದು, ಹಡಗಲಿಯಿಂದ ತರಿಸಿದ ಮಲ್ಲಿಗೆ ಮಾಲೆ ಕಟ್ಟಿದ್ದೆವು. ಕಾಯಿ ಒಡೆಯುವ ಹೊತ್ತಿಗೆ ಹರಪನಹಳ್ಳಿಯ ಚಾನೆಲ್ಲಿನ ಭೂಮಿಕಾ ಸ್ಕೂಟಿಯಲ್ಲಿ ಬಂದಿಳಿದಳು, ಬೆನ್ನಿಗೊಂದು ಕ್ಯಾಮೆರಾ ಚೀಲ. 'ಮಣ್ಣಿನ ಮಗಳು, ಆಕಾಶದ ಪೈಲಟ್' ಅಂತ ಕಾರ್ಯಕ್ರಮ ಮಾಡುತ್ತಾಳಂತೆ. ಬೆನಕಪ್ಪನವರು ಹೊಸ ಅಂಗಿ ಹಾಕಿದ್ದರು. ಭೂಮಿಕಾ ಅಮೃತಕ್ಕಾರನ್ನು ಮಷೀನಿನ ಮುಂದೆ ನಿಲ್ಲಿಸಿ ಮಾತಾಡಿಸಿದಳು. ಮತ್ತೆ ಅದೇ ಎಡಗಡೆ, ಬಲಗಡೆ ಮಾತು. ಈ ಸಲ ನಾನು ಚಪ್ಪಾಳೆ ಹೊಡೆಯಲಿಲ್ಲ.

ಭೂಮಿಕಾ ಕ್ಯಾಮೆರಾ ಇಳಿಸಿ ಕೇಳಿದಳು: "ಸರ್, ಈ ಮಷೀನ್ ಓಡ್ಸೋರು ಯಾರು? ಅವರನ್ನೂ ಒಂದೆರಡು ಮಾತು ಆಡಿಸ್ಬೇಕು. ಸ್ಥಳೀಯರೇ ಅಲ್ವಾ?"

ಬೆನಕಪ್ಪನವರ ಮುಖ ಆಗ ನೋಡಬೇಕಿತ್ತು. ಅಳಗಪ್ಪ ಸೀಟಿನಲ್ಲಿ ಕೂತು, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಊರಿಗೆ ಫೋನು ಮಾಡಿ ತಮಿಳಿನಲ್ಲಿ ಹೆಂಡತಿಯ ಜೊತೆ ಜಗಳವಾಡುತ್ತಿದ್ದ.

"ಹೂಂ, ಹೂಂ, ನಮ್ಮೋನೇ," ಅಂದರು ಸಾವ್ಕಾರರು. "ಗುಡೇಕೋಟಿ ಹುಡುಗ. ಲೇ ಗಾದಿಲಿಂಗ, ಬಾರಲೇ ಇಲ್ಲಿ!" ಆಮೇಲೆ ಭೂಮಿಕಾ ಕ್ಯಾಮೆರಾ ಕಡೆ ತಿರುಗಿದಾಗ ಹಲ್ಲು ಕಚ್ಚಿ ಮೆಲ್ಲಗೆ ಅಳಗಪ್ಪನಿಗೆ, "ನೀ ಇಳಿ. ಟ್ರ್ಯಾಕ್ಟರ್ ಹಿಂದ ಹೋಗಿ ಕುಂದ್ರು. ಆಕಿ ಹೋಗೂತನ ಬರಬ್ಯಾಡ," ಅಂದರು.

ಅಳಗಪ್ಪ ಇಳಿದ. ನನ್ನನ್ನು ದಾಟುವಾಗ ಕಣ್ಣು ಹೊಡೆದ. ಅವನಿಗೆ ಇದೊಂದು ತಮಾಷೆ.

ಭೂಮಿಕಾ ಇನ್ನೂ ಮುಂದೆ ಹೋದಳು. "ಸರ್, ನಿಮ್ಮ ಕಡೆ ಸುಗ್ಗಿಗೆ ಆಳಿಗೆ ವೀಳ್ಯ ಕೊಡೋ ಪದ್ಧತಿ ಇದೆಯಲ್ಲ, ಅದನ್ನೂ ತೆಗೀತೀನಿ. ಪೈಲಟ್ ಮೇಡಂ ಕೈಯಿಂದಲೇ ಕೊಡ್ಸಿ. ಚೆನ್ನಾಗಿ ಬರುತ್ತೆ."

ನಮ್ಮ ಕಡೆ ವೀಳ್ಯ ಅಂದರೆ ಆಟವಲ್ಲ. ಎರಡು ಎಲೆ, ಒಂದು ಅಡಿಕೆ, ಅಷ್ಟೇ. ಆದರೆ ಮದುವೆ ಗಟ್ಟಿಯಾಗುವುದು ಅದರಿಂದ, ಆಳು ಗಟ್ಟಿಯಾಗುವುದೂ ಅದರಿಂದ. ನಾಲ್ಕು ಜನರ ಎದುರು ವೀಳ್ಯ ಹಿಡಿದವನು ಸುಗ್ಗಿ ಮುಗಿಯುವ ತನಕ ಕೆಲಸ ಬಿಡುವಂತಿಲ್ಲ. ಕೊಟ್ಟವನು ಬಿಡಿಸುವಂತಿಲ್ಲ. ಬಿಡಿಸಿದವನ ಮನೆಗೆ ಮುಂದೆ ಆಳು ಬರುವುದಿಲ್ಲ. ಇದು ಬೆನಕಪ್ಪನವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಅವತ್ತು ಅವರ ತಲೆ ತುಂಬ ವಿಮಾನ, ಕಂಪನಿ, ಚಾನೆಲ್ಲು. ತಟ್ಟೆಯಲ್ಲಿ ಅಳಗಪ್ಪನಿಗೆಂದು ಇಟ್ಟಿದ್ದ ವೀಳ್ಯವನ್ನು ತೋರಿಸಿ, "ಕೊಡವ್ವಾ ಅಮೃತಾ, ಕೊಡು," ಅಂದುಬಿಟ್ಟರು.

ಅಮೃತಕ್ಕಾರು ತಟ್ಟೆ ಹಿಡಿದರು. ನನ್ನ ಮುಖ ನೋಡಿದರು. ನಾನು ಟವೆಲ್ಲಿಗೆ ಕೈ ಒರೆಸಿಕೊಂಡು ಎರಡೂ ಕೈ ಚಾಚಿದೆ. ಗುರುಸಂಗಪ್ಪಜ್ಜ ನೋಡುತ್ತಿದ್ದ, ಆಳುಗಳು ನೋಡುತ್ತಿದ್ದರು, ಕ್ಯಾಮೆರಾ ನೋಡುತ್ತಿತ್ತು. ವೀಳ್ಯ ಹಿಡಿದೆ, ಕಣ್ಣಿಗೊತ್ತಿಕೊಂಡೆ, ಅಜ್ಜನ ಡಬ್ಬಿಯಿಂದ ಸುಣ್ಣ ಹಚ್ಚಿ ಅಲ್ಲೇ ಮಡಚಿ ಬಾಯಿಗೆ ಹಾಕಿಕೊಂಡೆ. ಬೆನಕಪ್ಪನವರ ಹುಬ್ಬು ಒಂದು ಸಲ ಮೇಲೆ ಹೋಯಿತು. ಆದರೆ ಭೂಮಿಕಾ ಇದ್ದಳಲ್ಲ, ನಗುತ್ತಲೇ ನಿಂತರು.

ಹತ್ತಿದೆ. ಸೀಟು ಬಿಸಿಯಾಗಿತ್ತು, ಅಳಗಪ್ಪ ಕೂತು ಎದ್ದದ್ದಲ್ಲವೇ. ಎಂಜಿನ್ನು ಶುರು ಮಾಡಿ ಕಟ್ಟರ್ ಇಳಿಸಿ ಗದ್ದೆಗೆ ಬಿಟ್ಟೆ. ಭತ್ತ ಮುಂದೆ ಮಲಗುತ್ತಾ ಒಳಗೆ ಹೋಗುವ ಸದ್ದು ಪಕ್ಕದಲ್ಲಿ ನಿಂತು ಕೇಳಿದ್ದು ಬೇರೆ, ಕೂತು ಕೇಳುವುದೇ ಬೇರೆ. ಸುಳ್ಳು ಹೇಳುವುದಿಲ್ಲ. ಮೊದಲ ಸಾಲು ನೆಟ್ಟಗೆ ಬರಲಿಲ್ಲ. ತಿರುವಿನಲ್ಲಿ ಅಗಲವಾಗಿ ಹೋಗಿ ಒಂದಿಷ್ಟು ತೆನೆ ನಿಂತೇ ಉಳಿಯಿತು, ಕಾಳೂ ಸ್ವಲ್ಪ ಚೆಲ್ಲಿತು. ಎರಡನೆಯ ಸಾಲು ಮೊದಲಿನದಕ್ಕಿಂತ ಚೆನ್ನಾಗಿ ಬಂತು. ಮೂರನೆಯದು ಇನ್ನೂ ಚೆನ್ನಾಗಿ. ಬದುವಿನಲ್ಲಿ ನಿಲ್ಲಿಸಿದಾಗ ಭೂಮಿಕಾ ಮೈಕು ಮೇಲೆ ಚಾಚಿ, "ಸ್ಥಳೀಯರಿಗೆ ಕೆಲಸ ಸಿಗಬೇಕು ಅಂತೀರಾ?" ಅಂದಳು.

"ಸಿಗಬೇಕ್ರಿ. ನೋಡ್ರಿ, ಸಿಕ್ಕೈತಿ," ಅಂದೆ. ನನ್ನ ಬಾಯಿ ಕೆಂಪಾಗಿತ್ತು, ನಗುತ್ತಿದ್ದೆ. ಆ ನಗು ಈಗಲೂ ಅವಳ ಚಾನೆಲ್ಲಿನಲ್ಲಿದೆ, ಬೇಕಾದರೆ ನೋಡಿ.

ಭೂಮಿಕಾ ಸ್ಕೂಟಿ ಏರಿ ರಸ್ತೆ ಸೇರುವವರೆಗೆ ಬೆನಕಪ್ಪನವರು ಅವಳಿಗೆ ಕೈ ಬೀಸಿದರು. ಆಮೇಲೆ ತಿರುಗಿದರು.

"ಸಾಕು, ಇಳೀಲೇ. ಅಳಗಪ್ಪಾ, ಬಾ!"

ನಾನು ಇಳಿಯಲಿಲ್ಲ. "ವೀಳ್ಯ ಕೊಟ್ಟೀರಿ, ಸಾವ್ಕಾರ್ರ," ಅಂದೆ.

"ಏನು?"

"ವೀಳ್ಯ. ನಾಲ್ಕು ಮಂದಿ ಮುಂದ. ನಾನು ತಿಂದೀನಿ."

"ಅದು ಟಿವಿಗಿ ಕೊಟ್ಟಿದ್ದಲೇ, ಹುಚ್ಚು ಸೂಳೇಮಗನೇ!"

ಗುರುಸಂಗಪ್ಪಜ್ಜ ಬಾಯಿ ಹಾಕಿದ. ಊರಿನಲ್ಲಿ ನಾಲ್ಕು ಮಾತು ಹೇಳುವ ಹಿರಿಯ ಅವನು. "ಬೆನಕಪ್ಪಾ, ಟಿವಿಗಿ ಬಾಯೆಲ್ಲೈತಿ ಎಲಿ ತಿನ್ನಾಕ? ತಿಂದಾಂವ ಇವನು. ಕೊಟ್ಟ ಮ್ಯಾಲ ಆತು." ಆಳುಗಳು ನಕ್ಕರು. ನನಗೆ ಆನೆ ಬಲ ಬಂದಂತಾಯಿತು.

"ಆತೇನಜ್ಜಾ?" ಅಂದರು ಬೆನಕಪ್ಪನವರು. "ಅಲ್ನೋಡು, ನಿನ್ನ ಗದ್ದಿ ಮೂಲಿಯಾಗ ತೆನಿ ಹಂಗೇ ನಿಂತೈತಿ. ಕಾಳು ನೆಲಕ್ಕ ಬಿದ್ದೈತಿ. ಉಳಿದಿದ್ದನ್ನೂ ಇವನ ಕೈಲೇ ಕೊಯ್ಯಸ್ತೀನಿ ತಡೀ ಹಂಗಾರ."

ಅಜ್ಜ ಮೂಲೆಯ ಕಡೆ ನೋಡಿದ. ನನ್ನ ಕಡೆ ನೋಡಿದ. ಸುಣ್ಣದ ಡಬ್ಬಿ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ನನ್ನ ಗದ್ದಿ ಒಂದು ಮುಗೀಲೇಳಪ್ಪಾ, ಆಮ್ಯಾಲ ನೀವು ನೀವು ನೋಡ್ಕೋರಿ," ಅಂದ. ಸ್ವಂತ ಗದ್ದೆಯ ತನಕ ಬಂದರೆ ನ್ಯಾಯದ ಗಂಟಲು ಕಟ್ಟಿಬಿಡುತ್ತದೆ.

ಉಳಿದವರು ಅಮೃತಕ್ಕಾರು ಒಬ್ಬರೇ. ಖಾಲಿ ತಟ್ಟೆ ಇನ್ನೂ ಅವರ ಕೈಯಲ್ಲಿತ್ತು. ನಾನು ಸೀಟಿನ ಮೇಲಿಂದಲೇ ಕೇಳಿದೆ.

"ಅಕ್ಕಾರ, ನಿಮ್ಮ ಕೈಲೇ ಕೊಟ್ಟೀರಿ. ನೀವು ಹೇಳ್ರಿ. ಯಾರಿಗೆ ಕೊಟ್ರಿ, ನನಗೋ ಟಿವಿಗೋ?"

"ನಿನಗೇ ಕೊಟ್ಟೆ," ಅಂದರು. ನನ್ನ ಎದೆ ಹಗುರಾಯಿತು. ಬೆನಕಪ್ಪನವರು ಮಗಳ ಹತ್ತಿರ ಹೋಗಿ ನಿಂತರು. ಕೂಗಲಿಲ್ಲ. "ಮಷೀನಿನ ಕಂತು ಇನ್ನೂ ಮುಗಿದಿಲ್ಲ. ನಿನ್ನ ಪಗಾರ ನಿಂತೈತಿ. ಇವನು ಎಲ್ಲಿಯರ ಬದುವಿಗೆ ಗುದ್ದಿದ್ರ ನಾವು ಏನು ತಿನ್ನೋದು, ನೀನೇ ಹೇಳು," ಅಂದರು, ಅಷ್ಟೇ.

ಅಮೃತಕ್ಕಾರು ತಟ್ಟೆ ನೋಡಿದರು. ಆಮೇಲೆ ತಲೆಯೆತ್ತಿ ನನಗೆ ಹೇಳಿದರು.

"ಗಾದಿಲಿಂಗ, ನಿನ್ನ ಕೈ ಚೊಲೋ ಐತಿ. ಆದ್ರ ಇನ್ನಾ ಅನುಭವ ಇಲ್ಲ. ಸ್ವಲ್ಪ..."

ಅಲ್ಲಿಗೆ ಅವರಿಗೇ ಕೇಳಿಸಿತು. ತಾನು ಏನು ಹೇಳುತ್ತಿದ್ದೇನೆ, ಅದನ್ನು ತನಗೆ ಹೇಳಿದವರು ಯಾರು ಅನ್ನುವುದು. ಮುಖ ಬೂದಿಯಾಯಿತು. ಮಾತನ್ನು ಮುಗಿಸಲಿಲ್ಲ. ಆದರೆ ಹೇಳಿದ್ದನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳುತ್ತಾರೇನೋ ಅಂತ ನಾನು ಕಾದೆ. ಎಂಜಿನ್ನು ದಡದಡ ಅನ್ನುತ್ತಲೇ ಇತ್ತು. ತೆಗೆದುಕೊಳ್ಳಲಿಲ್ಲ.

ಎಂಜಿನ್ನು ಆರಿಸಿ ಇಳಿದೆ. ಮುಂದಿನ ಗಾಲಿಯ ಹತ್ತಿರ ನಿಂತು ಬಾಯಲ್ಲಿದ್ದದ್ದನ್ನೆಲ್ಲ ಉಗುಳಿದೆ. ವಿಭೂತಿ ಬಳಿದ ಗಾಲಿಯ ಮೇಲೆ ಕೆಂಪಗೆ ಇಳಿಯಿತು. "ತಗೋರಿ ನಿಮ್ಮ ವೀಳ್ಯ," ಅಂದೆ. ಹಿಡಿದ ವೀಳ್ಯ ಉಗುಳುವುದು ನಮ್ಮಲ್ಲಿ ಹೊಡೆತಕ್ಕಿಂತ ದೊಡ್ಡದು. ಬೆನಕಪ್ಪನವರು ಕೈ ಎತ್ತಿದರು. ಆಳುಗಳು ಅಡ್ಡ ಬಂದರು. ಸಾವ್ಕಾರರ ಎದುರು ಹಾಗೆ ಬೆನ್ನು ತೋರಿಸಿ ನಡೆದದ್ದು ಅದೇ ಮೊದಲು.

ಬಸ್ ಸ್ಟಾಪಿಗೆ ಬರುವ ಹೊತ್ತಿಗೆ ಗುಡೇಕೋಟೆಯಿಂದ ಅವ್ವ ಚೌಡಕ್ಕನ ಫೋನು. ಅಷ್ಟರಲ್ಲೇ ಭೂಮಿಕಾ ವಿಡಿಯೋ ಹಾಕಿಬಿಟ್ಟಿದ್ದಳು.

"ಯಪ್ಪಾ, ಸೀಟು ಸಿಕ್ತಂತಲ್ಲೋ! ಓಣಿ ಮಂದಿಯೆಲ್ಲಾ ಫೋನಿನಾಗ ನಿನ್ನೇ ನೋಡಾಕತ್ತಾರ. ನಾ ಸಕ್ಕರಿ ಹಂಚಿದೆ," ಅಂದಳು.

"ಹಂಚಬೇ, ಹಂಚು," ಅಂದೆ. ಬೇರೆ ಏನು ಹೇಳಲಿ? ಫೋನು ಇಟ್ಟು ಕಂಬಕ್ಕೆ ಗುದ್ದಿದೆ. ಕೈ ಊದಿತು.

ಸಂಜೆ ಅಳಗಪ್ಪ ಸಾವ್ಕಾರರ ಬೈಕು ತಗೊಂಡು ಹುಡುಕಿಕೊಂಡು ಬಂದ. ಬಸ್ಸುಗಳನ್ನು ಬಿಟ್ಟು ನಾನು ಅಲ್ಲೇ ಕೂತಿದ್ದೆ, ಅವ್ವನಿಗೆ ಯಾವ ಮುಖ ತೋರಿಸಲಿ ಅಂತ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ.

"ತಂಬಿ, ನನ್ನ ಮೇಲೆ ಕೋಪ?" ಅಂದ ತನ್ನ ಕನ್ನಡದಲ್ಲಿ.

"ಇಲ್ಲ ಬಿಡು."

"ನಮ್ಮ ಊರಲ್ಲಿ ನಂಗೂ ಸೀಟ್ ಕೊಡಲಿಲ್ಲ, ಗೊತ್ತಾ? ಅಲ್ಲಿ ಒಡಿಶಾದವನು ಓಡಿಸ್ತಾನೆ. ಓನರ್ ಹೇಳ್ದ, ನಿಂಗೆ ಊರೆಲ್ಲಾ ನೆಂಟರು, ಮಾಮ, ಮಚ್ಚಾನ್, ನೀನು ಬೇಡ. ಅದಕ್ಕೇ ನಾನು ಇಲ್ಲಿ." ಹೊಗೆ ಬಿಟ್ಟು ನಕ್ಕ. "ನಮ್ಮ ಕೆಲಸದಲ್ಲಿ ಊರು ಬಿಟ್ಟರೇ ಡ್ರೈವರ್. ಊರಲ್ಲಿ ಇದ್ದರೆ ಹೆಲ್ಪರ್."

ನಾನು ಅವನ ಮುಖವನ್ನೇ ನೋಡಿದೆ. ಇಷ್ಟು ದಿನ ಪಕ್ಕದಲ್ಲಿ ನಿಂತು ಇದನ್ನು ಒಂದು ಸಲವೂ ಕೇಳಿರಲಿಲ್ಲ. ಅವನು ಅಲ್ಲೇ ಯಾರಿಗೋ ಫೋನು ಹಚ್ಚಿದ. ತಮಿಳಿನಲ್ಲಿ ಏನೇನೋ ಹೇಳಿದ. ನಡುವೆ ನನ್ನ ಹೆಸರು ಬಂತು. ಆಮೇಲೆ ನನಗೆ, "ನಾಲ್ಕು ಸೀಸನ್ ಡ್ರೈವರ್ ಅಂತ ಹೇಳಿದೀನಿ. ಅವರು ಅದು ಕೇಳಲ್ಲ, ಬಿಡು. ಬೇರೆ ಕೇಳ್ತಾರೆ," ಅಂದ.

ಈಗ ನಾನು ತಂಜಾವೂರಿನ ಆಚೆ, ಕಾವೇರಿಯ ಕಾಲುವೆ ದಂಡೆಯ ಒಂದು ಊರಿನಲ್ಲಿದ್ದೇನೆ. ಬಂದ ದಿನ ಇಲ್ಲಿಯ ಓನರು ಅನುಭವವನ್ನೂ ಕೇಳಲಿಲ್ಲ, ಲೈಸೆನ್ಸನ್ನೂ ನೋಡಲಿಲ್ಲ. ಈ ಸುತ್ತಿನಲ್ಲಿ ನಿನಗೆ ಯಾರಾದರೂ ಸಂಬಂಧಿಕರು ಇದ್ದಾರಾ ಅಂತ ಅಳಗಪ್ಪನಿಗೆ ಫೋನು ಹಚ್ಚಿ ಅವನ ಬಾಯಿಂದ ಕೇಳಿಸಿದ. ಯಾರೂ ಇಲ್ಲ ಅಂದೆ. ಮಷೀನಿನ ಕಡೆ ಕೈ ತೋರಿಸಿದ. ಅಷ್ಟು ಸುಲಭ. ನಾಲ್ಕು ವರ್ಷ ಕೈಮುಗಿದು ಬೇಡಿದ್ದು, ಗೊತ್ತಿಲ್ಲದ ಊರಿನಲ್ಲಿ ಒಂದು ಮಾತಿಗೆ ಸಿಕ್ಕಿತು. ಅವತ್ತು ಕಾಲುವೆಯ ಹತ್ತಿರ ಒಬ್ಬನೇ ಕೂತು, ಸಿಕ್ಕಿದ್ದಕ್ಕೂ ಸಿಟ್ಟಾಗಿ ಅತ್ತೆ.

ಅಮೃತಕ್ಕಾರು ಒಂದು ಸಲ ಫೋನು ಮಾಡಿದ್ದರು. ಕಂಪನಿಯವರು ಮತ್ತೆ ಕರೆದಿದ್ದಾರೆ, ಅದೇ ಬಲಗಡೆ ಸೀಟಿಗೆ. ಪಕ್ಕದಲ್ಲಿ ಅದೇ ಪರದೇಶದ ಕ್ಯಾಪ್ಟನ್. "ಸಭೆಯಾಗ ನಾ ಹೇಳಿದ್ದು ಸುಳ್ಳಲ್ಲ, ಗಾದಿಲಿಂಗ," ಅಂದರು. ಅಳುತ್ತಿದ್ದರು ಅಂತ ಕಾಣುತ್ತದೆ.

"ಸುಳ್ಳು ಅಂತ ಯಾರಂದ್ರಿ, ಅಕ್ಕಾರ? ಖರೇನೇ ಐತಿ. ಅದಕ್ಕೇ ನನಗ ಸಿಟ್ಟು," ಅಂದೆ. ಫೋನು ನಾನೇ ಇಟ್ಟೆ.

ಈ ಮಷೀನಿಗೂ ಒಬ್ಬ ಹೆಲ್ಪರ್ ಇದ್ದಾನೆ, ತಂಗವೇಲು ಅಂತ. ಇದೇ ಊರಿನವನು, ನನಗಿಂತ ಹಿರಿಯ. ಈ ಗದ್ದೆಗಳಲ್ಲಿ ಎಲ್ಲಿ ಕೆಸರಿದೆ, ಎಲ್ಲಿ ಬದು ಕುಸಿದಿದೆ ಅಂತ ಅವನೇ ಕೈಸನ್ನೆಯಲ್ಲಿ ನನಗೆ ತೋರಿಸುತ್ತಾನೆ. ಭಾಷೆ ಬರುವುದಿಲ್ಲ, ಆದ್ದರಿಂದ ನಮ್ಮಿಬ್ಬರ ನಡುವೆ ಜಗಳವೂ ಇಲ್ಲ. ಪಕ್ಕದ ತಗಡಿನ ಮೇಲೆ ಕಂಬಿ ಹಿಡಿದು ನಿಂತು ದಿನವಿಡೀ ನನ್ನ ಕೈಯನ್ನೇ ನೋಡುತ್ತಾನೆ. ಯಾವ ಹಿಡಿಕೆ ಎಳೆದೆ, ಎಷ್ಟು ಎಳೆದೆ, ಯಾವಾಗ ಬಿಟ್ಟೆ. ಆ ನೋಟ ಏನು ಕೇಳುತ್ತದೆ ಅಂತ ನನಗೆ ಯಾರೂ ತಮಿಳಿನಿಂದ ತಿಳಿಸಿ ಹೇಳಬೇಕಾಗಿಲ್ಲ.

ನಾನು ಇಳಿದರೆ ಈ ಸೀಟು ಅವನಿಗೆ ಸಿಗುತ್ತದೆಯೇ? ಇಲ್ಲ. ಎಲ್ಲಿಂದಲೋ ನನ್ನಂಥವನೇ ಇನ್ನೊಬ್ಬ ಬಂದು ಹತ್ತುತ್ತಾನೆ. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಅದಕ್ಕೇ ನಾನು ಅವನ ಮುಖ ನೋಡುವುದಿಲ್ಲ. ನೆಟ್ಟಗೆ ಮುಂದಿನ ಸಾಲನ್ನೇ ನೋಡುತ್ತೇನೆ. ಅವನು ಸಿಟ್ಟಾಗಲಿ, ಬೈಯಲಿ, ಒಂದು ದಿನ ಈ ಗಾಲಿಗೆ ಕಲ್ಲು ಒಗೆಯಲಿ. ಅದು ಅವನ ಹಕ್ಕು. ನಾನು ಇಳಿಯುವುದಿಲ್ಲ.